ಎಷ್ಟು ಮುಂಚೆ ತಟ್ಟಬೇಕು

ಕಟ್ಟುತ್ತಿರುವ ಮನೆಯ ಕಂಬಗಳಿಗೆ ಗೋಣಿಚೀಲ ಸುತ್ತಿ ನೀರು ಹೊಡೆಯುತ್ತಿದ್ದರು. ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಓದುತ್ತಿದ್ದ ಪತ್ರಿಕೆ ಮಡಚಿದೆ. ಬಾಹ್ಯಾಕಾಶದಲ್ಲಿ ಪುಟ್ಟ ಕ್ಷುದ್ರಗ್ರಹವೊಂದಕ್ಕೆ ನೌಕೆಯನ್ನು ಬೇಕೆಂದೇ ಗುದ್ದಿಸಿ ಅದರ ದಾರಿಯನ್ನು ಚೂರು ಬದಲಿಸಿದರೆಂಬ ಸುದ್ದಿ ಅದರಲ್ಲಿತ್ತು. ಗೋಣಿಚೀಲಕ್ಕೂ ಕ್ಷುದ್ರಗ್ರಹಕ್ಕೂ ಏನು ಸಂಬಂಧ ಎಂದು ಕೇಳಿದರೆ ನನ್ನ ಬಳಿ ಇರುವುದು ಒಂದೇ ಉತ್ತರ... ನಮ್ಮೂರ ನೀರುಗಂಟಿ ತಾತ.

ನಾಲೆಯ ತೂಬು ತೆಗೆದು, ಮುಚ್ಚಿ, ಗದ್ದೆಗಳಿಗೆ ನೀರು ಹಂಚುವುದು ಅವರ ಕೆಲಸ. ಹುಣಸೂರಿನಾಚೆ ಲಕ್ಷ್ಮಣತೀರ್ಥದ ದಡದಲ್ಲಿ ನಮ್ಮೂರು. ಕೆಳಗಿನ ಬೀದಿಯಲ್ಲಿ ಏಳು ಮನೆ. ಹೊಳೆಗೆ ಮೊದಲು ಸಿಗುವುದು ಅವರದು, ಎರಡನೆಯದು ನಮ್ಮದು. ನಾನು ಪಿಯುಸಿ ಸೇರುವ ಹೊತ್ತಿಗೆ ಹೊಳೆ ದಡ ಕೊರೆಯುತ್ತ ಬಂದು ಅವರ ಹಿತ್ತಿಲ ಹುಣಸೆಮರವನ್ನು ಕೆಡವಿಕೊಂಡಿತ್ತು. ಹಿತ್ತಿಲಿಗೇ ತಡೆಗೋಡೆ ಬೇಕೆಂದು ಊರವರು ಅರ್ಜಿ ಬರೆಯುತ್ತಿದ್ದರು. ತಾತ ಮಾತ್ರ ಬೇಸಿಗೆಯ ಸಂಜೆಗಳಲ್ಲಿ ಎರಡು ಫರ್ಲಾಂಗು ಮೇಲೆ ಹೋಗಿ, ಹೊಳೆ ನಮ್ಮ ಕಡೆ ತಿರುಗುವುದಕ್ಕೆ ಮುಂಚಿನ ಜಾಗದಲ್ಲಿ, ಗೋಣಿಚೀಲಕ್ಕೆ ಕಲ್ಲು ಮರಳು ತುಂಬಿ ನೀರಿನೊಳಕ್ಕೆ ಓರೆಯಾಗಿ ಸಾಲು ಹಾಕುತ್ತಿದ್ದರು. ಗದ್ದೆಯ ಬದುವಿನಂತೆ ಮೊಣಕಾಲೆತ್ತರದ ಸಾಲು. "ತಾತ ಒಳೆಗೆ ಬದ ಆಕ್ತಾವ್ನೆ" ಎಂದು ಬೀದಿ ನಗುತ್ತಿತ್ತು. ನಾನೂ ನಕ್ಕೆ.

ಆ ವರ್ಷ ಧೂಮಕೇತುವೊಂದಕ್ಕೆ ನೌಕೆ ಗುದ್ದಿಸಿದ ಸುದ್ದಿ ಬಂದಿತ್ತು. ಅದನ್ನೇ ಹಿಡಿದು ಚರ್ಚಾಸ್ಪರ್ಧೆಗೆ ವಿಷಯ ಕೊಟ್ಟರು: ಭೂಮಿಗೆ ಎರಗಲಿರುವ ಕ್ಷುದ್ರಗ್ರಹವನ್ನು ನೌಕೆಯಿಂದ ತಿರುಗಿಸಬಹುದು. ನನ್ನ ಪಾಲಿಗೆ ಬಂದದ್ದು ವಿರೋಧ. ಅದು ನನಗೆ ಹುಟ್ಟುಗುಣ. ಮಳೆ ಬಿಡುವು ಕೊಟ್ಟಿದ್ದ ಸಂಜೆ ದಡದಲ್ಲಿ ನಿಂತು ಗಟ್ಟಿಯಾಗಿ ಭಾಷಣ ಒಪ್ಪಿಸುತ್ತಿದ್ದೆ. ಚೀಲದ ಬಾಯಿ ಹೊಲಿಯುತ್ತಿದ್ದ ತಾತ ತಲೆಯೆತ್ತಿದರು.

"ಅದ್ಯಾವ ಗ್ರಹನವ್ವ ಕ್ಷುದ್ರಗ್ರಹ? ಒಂಬತ್ತರಲ್ಲಿ ಇಲ್ವಲ್ಲ. ಶಾಂತಿ ಮಾಡ್ಸುದ್ರೆ ಓಯ್ತದಾ?"

"ಕಾಟ ಕೊಡೋ ಗ್ರಹ ಅಲ್ಲ ತಾತ, ಕಲ್ಲು. ಬೆಟ್ಟದಷ್ಟು ಕಲ್ಲು. ಅದಕ್ಕೆ ಆಟೋದಷ್ಟು ಯಂತ್ರ ಗುದ್ದಿಸಿ ತಿರುಗಿಸ್ತಾರಂತೆ. ಆಗ್ತದಾ, ನೀವೇ ಹೇಳಿ."

ಅವರು ನಗಲಿಲ್ಲ. "ಎಷ್ಟು ಮುಂಚೆ ಗುದ್ತಾರೆ?"

"ಅಂದ್ರೆ?"

"ಮನೆ ಬಾಗ್ಲಿಗೆ ಬಂದ್ಮೇಲೆ ನೀನು ಇನ್ನೊಂದು ಬೆಟ್ಟನೇ ತಂದು ಗುದ್ದುದ್ರೂ ಅಷ್ಟೇ ಕಣವ್ವ. ಹತ್ತು ವರ್ಸ ಮುಂಚೆ ಆದ್ರೆ ತಟ್ಟುದ್ರೆ ಸಾಕು. ಅಲ್ಲಿ ಒಂದು ಗೇಣು ಸರುದ್ರೆ, ಇಲ್ಲಿಗೆ ಬರೋ ವತ್ಗೆ ಎಷ್ಟು ಸರೀತದೆ, ಲೆಕ್ಕ ಆಕು."

"ಹಂಗಾರೆ ನಿಮ್ಮ ಚೀಲದ ಸಾಲು ಹೊಳೆ ತಿರುಗಿಸ್ತದೆ ಅಂತ ನಾನು ನಂಬಬೇಕಾ?"

"ನಂಬಬ್ಯಾಡ. ಅಳೆ."

ಮರುದಿನವೇ ಹಿತ್ತಿಲಲ್ಲಿ ಗೂಟ ನೆಟ್ಟರು. ಗೂಟದಿಂದ ದಡದ ಅಂಚಿಗೆ ಎಷ್ಟು ಗೇಣು ಎಂದು ನಾನು ಅಂದೇ ಅಳೆದೆ; ಇನ್ನು ಮಳೆಗಾಲ ಮುಗಿದಾಗಲೆಲ್ಲ ನಾನೇ ಅಳೆಯಬೇಕು, ಅವರಲ್ಲ. ಯಾಕೆ ಎಂದರೆ, "ನಂಗೆ ಆಸೆ ಅದೆ. ನನ್ನ ಗೇಣು ಸುಳ್ಳೇಳ್ತದೆ" ಎಂದರು. ಆ ಅಳತೆಯ ಮೇಲೆ ನಿಂತಿದ್ದದ್ದು ಅವರ ಮನೆಯ ಗತಿ ಮಾತ್ರವಲ್ಲ, ನಮ್ಮದೂ ಹೌದು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಸ್ಪರ್ಧೆಯಲ್ಲಿ ಗೆದ್ದೆ. ಬೆಟ್ಟಕ್ಕೆ ಆಟೋ ಗುದ್ದುವ ಮಾತಿಗೆ ಸಭೆ ಬಿದ್ದು ಬಿದ್ದು ನಕ್ಕಿತು. ಎದುರು ಪಕ್ಷದವರಲ್ಲಿ ಒಬ್ಬರೂ 'ಎಷ್ಟು ಮುಂಚೆ' ಎಂದು ಕೇಳಲಿಲ್ಲ. ಕೇಳಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಬಹುಮಾನದ ಕಪ್ ತಂದು ತೋರಿಸಿದಾಗ ತಾತ ಅದನ್ನು ಮುಟ್ಟಲೂ ಇಲ್ಲ.

"ಯಾರೂ ಕೇಳ್ನಿಲ್ವಾ?"

"ಇಲ್ಲ."

"ಅಂಗಾರೆ ನೀನು ಗೆದ್ದಿಲ್ಲ ಬುಡು. ಅವ್ರು ಸೋತವ್ರೆ."

ಮೊದಲ ಮಳೆಗಾಲಕ್ಕೆ ನಾಲ್ಕು ಗೇಣು ದಡ ಹೋಗಿತ್ತು. ತೀರ್ಪು ಓದುವವಳ ಹಾಗೆ ಬಂದು ಹೇಳಿದೆ. "ಓರೆ ಸರಿಯಿಲ್ಲ" ಎಂದರು, ಅಷ್ಟೇ. ಬೇಸಿಗೆಯಲ್ಲಿ ಇಡೀ ಸಾಲನ್ನು ಬಿಚ್ಚಿ ಬೇರೆ ಓರೆಯಲ್ಲಿ ಮತ್ತೆ ಹಾಕಿದರು. ಎರಡನೆಯ ವರ್ಷ ಒಂದೂವರೆ ಗೇಣು. ಅವತ್ತು ನಾನು ವಾದಿಸಲಿಲ್ಲ. ಎರಡು ಸಲ ಅಳೆದೆ. ಮೂರನೆಯ ವರ್ಷ ಒಂದು ಬೆರಳಿನಷ್ಟೂ ಹೋಗಿರಲಿಲ್ಲ. ಎದ್ದು ಅವರ ಮನೆಯ ಕಡೆ ನಾಲ್ಕು ಹೆಜ್ಜೆ ಇಟ್ಟ ಮೇಲೆ ನೆನಪಾಯಿತು... ಆ ಮಳೆಗಾಲದ ನಡುವೆಯೇ ಅವರನ್ನು ಮಣ್ಣು ಮಾಡಿ ಬಂದಿದ್ದೆವು.

ಹೊಳೆಯನ್ನು ಆ ಸಾಲೇ ತಿರುಗಿಸಿತೆಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಮೂರು ಅಳತೆ ಸಾಲದು. ಪತ್ರಿಕೆಯಲ್ಲಿ ನನಗೆ ಹಿಡಿಸಿದ್ದೂ ಅದೇ ಮಾತು: ಗುದ್ದಿದ ಕೂಡಲೇ ವಿಜ್ಞಾನಿಗಳು ದಾರಿ ಬದಲಾಯಿತು ಅನ್ನಲಿಲ್ಲವಂತೆ. ಆ ಪುಟ್ಟ ಕಲ್ಲು ತನ್ನ ಜೊತೆಯ ದೊಡ್ಡ ಕಲ್ಲನ್ನು ಸುತ್ತುವ ಹೊತ್ತನ್ನು ದೂರದಿಂದ ಅಳೆದು, ಕಡಿಮೆಯಾದದ್ದು ಖಾತ್ರಿಯಾದ ಮೇಲೆ ಹೇಳಿದರಂತೆ.

ಈಗ ಏಳುತ್ತಿರುವ ಮನೆ ಕೆಳಗಿನ ಬೀದಿಯ ನಮ್ಮ ಹಳೆಯ ಜಾಗದಲ್ಲೇ ಇದೆ. ಹೋದ ಮಳೆಗಾಲ ತಾತ ಹಾಕಿದ್ದ ಸಾಲು ಚದುರಿಹೋಯಿತು; ದಡ ಮತ್ತೆ ಕೊರೆಯತೊಡಗಿದೆ. ಕಂಬದ ಚೀಲಗಳನ್ನು ಎಸೆಯಬೇಡಿ ಎಂದೆ.

"ಹಳೇ ಚೀಲ ಏನ್ಮಾಡೀರಕ್ಕ?" ಎಂದ ಮೇಸ್ತ್ರಿ.

"ಹೊಳೆಗೆ ಬದ ಹಾಕ್ತೀನಿ."

ಅವನು ನಕ್ಕ. ನಗಲಿ. ಹೊಸ ಗೂಟ ನೆಟ್ಟು ದಡದವರೆಗೆ ಗೇಣು ಹಾಕುತ್ತ ಹೋದೆ. ನಡುವೆ ಒಮ್ಮೆ ನೋಡಿಕೊಂಡರೆ, ಬೆರಳುಗಳು ಮಾಮೂಲಿ ಗೇಣಿಗಿಂತ ಅಗಲವಾಗಿ ಚಾಚಿಕೊಂಡಿದ್ದವು. ಇವತ್ತಿನ ಲೆಕ್ಕ ಕಡಿಮೆ ಬಂದಷ್ಟೂ ಮುಂದಿನ ಕೊರೆತ ಕಡಿಮೆ ಕಾಣುತ್ತದಲ್ಲ. ಎದ್ದು ಮಣ್ಣು ಕೊಡವಿಕೊಂಡು ಮೇಸ್ತ್ರಿಯನ್ನು ಕರೆದೆ.

"ನೀವು ಅಳೀರಿ. ನಂಗೆ ಆಸೆ ಅದೆ."