ಗಾದ್ರಪ್ಪನ ಹತ್ತು ಮೈಲಿ, ವಿಮಾನದ ಐದು ಸಾವಿರ

ಹೊನ್ನಾಳಿಯಿಂದ ನ್ಯಾಮತಿಗೆ ಹತ್ತು ಮೈಲಿ ಎಂದು ದಾರಿಯ ಕಲ್ಲುಗಳು ಹೇಳುತ್ತಿದ್ದವು. ಗಾದ್ರಪ್ಪ ಕಲ್ಲನ್ನು ನಂಬಿದವನಲ್ಲ. ಗೋವಿನಕೋವಿಗೆ ಮೂರು ಎಲೆಯಡಿಕೆ, ಅಲ್ಲಿಂದ ನ್ಯಾಮತಿಗೆ ಎರಡು. ಬಾಯಿಗೆ ಹಾಕಿದ ಎಲೆಯ ರಸ ಮುಗಿಯುವಷ್ಟು ದಾರಿಯೇ ಅವನ ಅಳತೆ. ಹೆಗಲಿಗೆ ಟಪಾಲು ಚೀಲ, ಕೈಗೆ ಟಪಾಲು ಓಟಗಾರನ ಗೆಜ್ಜೆಕೋಲು, ಹದಿನೆಂಟು ವರ್ಷ ಹಾಗೇ ಓಡಿದ್ದ. ಗೋವಿನಕೋವಿಯಲ್ಲಿ ಮಾತ್ರ ತಿಪ್ಪಮ್ಮನ ಜಗುಲಿಯ ಮೇಲೆ ಕೂತು, ಆಕೆ ಕೊಟ್ಟ ಮಜ್ಜಿಗೆ ಕುಡಿದು, ಕಾಲು ಚಾಚಿಯೇ ಏಳುತ್ತಿದ್ದ.

ಸಾವಿರದ ಒಂಬೈನೂರ ಮೂವತ್ನಾಲ್ಕರ ಬೇಸಿಗೆಯಲ್ಲಿ ನ್ಯಾಮತಿಯ ಟಪಾಲು ಆಫೀಸಿನ ಗೋಡೆಗೆ ವಿಮಾನದ ಚಿತ್ರವಿದ್ದ ದೊಡ್ಡ ಕಾಗದವೊಂದು ಬಂತು. ಅಕ್ಷರ ಬಾರದ ಗಾದ್ರಪ್ಪ ಪೋಸ್ಟ್ ಮಾಸ್ತರ್ ತಿಪ್ಪೇಶಪ್ಪನವರ ಬೆನ್ನು ಬಿದ್ದ.

"ಇದು ಎಲ್ಲಿಂದ ಎಲ್ಲಿಗೆ ಹೋಗ್ತೈತ್ರಿ?"

"ಕರಾಚಿಯಿಂದ ಲಂಡನ್ನಿಗೆ. ಐದು ಸಾವಿರ ಮೈಲಿ. ಗಂಟೆಗೆ ನೂರು ಮೈಲಿ ಹಾರ್ತೈತೆ. ಟಪಾಲು ಮುಟ್ಟಾಕೆ ಏಳು ದಿನ."

ಅಲ್ಲಿಂದ ದಿನಕ್ಕೊಂದು ಪ್ರಶ್ನೆ ಶುರುವಾಯಿತು. ಕತ್ತಲಾದರೆ ಎಲ್ಲಿ ಇಳಿಯುತ್ತದೆ? ಮಾಸ್ತರು ಬಾಗ್ದಾದ್ ಎಂದರು, ಕೈರೋ ಎಂದರು. "ಅಲ್ಲಿ ಚೀಲ ಯಾರು ಇಸ್ಕೊಂತಾರ್ರಿ?" ಅದೇ ವಿಮಾನ ಮುಂದಕ್ಕೆ ಹೋಗುತ್ತದೆ ಎಂದರೆ ಅವನು ಒಪ್ಪುತ್ತಿರಲಿಲ್ಲ. ಪ್ರತಿ ಊರಲ್ಲೂ ಒಬ್ಬ ಗೆಜ್ಜೆಕೋಲು ಹಿಡಿದು ಕಾದಿರುತ್ತಾನೆ ಎಂದೇ ಅವನ ತಿಳುವಳಿಕೆ. ತಾನು ಕಂಡ ಟಪಾಲೆಲ್ಲ ಹಾಗೇ ಕೈ ಬದಲಾಯಿಸಿಕೊಂಡು ಹೋಗಿತ್ತು, ಪಾಪ.

ಅಷ್ಟರಲ್ಲಿ ಟಪಾಲು ಇಲಾಖೆಯ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಜೇಬಿನ ಗಡಿಯಾರ ತೆಗೆದು ಮೇಜಿನ ಮೇಲಿಟ್ಟು ಗಾದ್ರಪ್ಪನ ಕಡೆ ತಿರುಗಿದರು.

"ಹತ್ತು ಮೈಲಿ. ಗಂಟೆಗೆ ನಾಲ್ಕು ಮೈಲಿ ಅಂದ್ರೂ ಎರಡೂವರೆ ಗಂಟೆ. ನೀನು ತಗೊಳ್ಳೋದು ನಾಲ್ಕು. ಉಳಿದ ಒಂದೂವರೆ ಗಂಟೆ ಎಲ್ಲಿ ಮಲಗಿದ್ದೆ? ನಾಳೆಯಿಂದ ಎರಡೂವರೆಗೆ ಮುಟ್ಟದೇ ಇದ್ರೆ ಕೋಲು ಬೇರೆಯವನ ಕೈಗೆ."

ಗಾದ್ರಪ್ಪನ ವಯಸ್ಸು ನಲವತ್ತೈದು ದಾಟಿತ್ತು, ಬಿಸಿಲಲ್ಲಿ ಅಷ್ಟು ಓಡಲು ಈ ಕಾಲಿಂದ ಆಗದು. ಕೋಲು ಹೋದರೆ ಅನ್ನವೂ ಹೋಗುತ್ತದೆ. ಸುಳ್ಳು ಹೇಳೋಣವೆಂದರೆ ಅದೂ ಬಾರದು, ಜಗುಲಿಯ ಮೇಲೆ ಕೂತಿದ್ದಂತೂ ನಿಜ. ಏನೂ ತೋಚದೆ ಅತ್ತಿತ್ತ ನೋಡಿದಾಗ ಗೋಡೆಯ ಕಾಗದ ಕಣ್ಣಿಗೆ ಬಿತ್ತು.

"ಸ್ವಾಮೇರ, ಇದರ ಲೆಕ್ಕನೂ ಒಂಚೂರು ಮಾಡ್ರಿ. ಐದು ಸಾವಿರ ಮೈಲಿ, ಗಂಟೆಗೆ ನೂರಂತೆ."

"ಐವತ್ತು ಗಂಟೆ. ಎರಡು ದಿನದ ಮೇಲೆ ಎರಡು ಗಂಟೆ. ಯಾಕೆ?"

"ಏಳು ದಿನ ಅಂತ ಬರೆದೈತಂತಲ್ರಿ. ಉಳಿದ ಐದು ದಿನ ಅದು ಎಲ್ಲಿ ಮಲಗಿತ್ರಿ?"

ತಿಪ್ಪೇಶಪ್ಪನವರು ಕೆಮ್ಮುತ್ತ ಮುಖ ತಿರುಗಿಸಿದರು. ಸಾಹೇಬರು ಎದ್ದು ಹೋಗಿ ಕಾಗದ ಓದಿದರು.

"ಮಲಗೋದಲ್ಲಯ್ಯ. ಎಣ್ಣೆ ಹಾಕಬೇಕು, ಯಂತ್ರ ಆರಬೇಕು, ಹಾರಿಸೋರು ಊಟ ಮಾಡಬೇಕು..." ಅಷ್ಟು ಹೇಳಿದವರು ಗಾದ್ರಪ್ಪನ ಬಿರುಕುಬಿಟ್ಟ ಪಾದಗಳನ್ನು ಒಮ್ಮೆ ನೋಡಿದರು. ನಗಲಿಲ್ಲ. ಮೇಜಿಗೆ ಮರಳಿ, ಹೊನ್ನಾಳಿ–ನ್ಯಾಮತಿ ನಾಲ್ಕು ಗಂಟೆ ಎಂದು ಬರೆದು ಸಹಿ ಹಾಕಿದರು.

ಮರುದಿನ ಗಾದ್ರಪ್ಪ ಜಗುಲಿಯ ಮೇಲೆ ನಿರಾಳವಾಗಿ ಕೂತ. ಎರಡನೇ ಲೋಟ ಮಜ್ಜಿಗೆ ಕೇಳಿದ್ದು ಕಂಡು ತಿಪ್ಪಮ್ಮನಿಗೆ ಸೋಜಿಗವಾಯಿತು.

"ಯಾಕಪ್ಪಾ, ಹೊತ್ತಾಗಾಕಿಲ್ವಾ?"

"ಸರ್ಕಾರನೇ ಬರಕೊಟ್ಟೈತೆ ಕಣಕ್ಕ. ಆ ವಿಮಾನಕ್ಕೂ ಬಾಗ್ದಾದಿನಾಗೆ ಒಬ್ಬಾಕೆ ತಿಪ್ಪಮ್ಮ ಅದಾಳೆ."