ಪದ್ಮಾವತಮ್ಮನ ಎಸ್ಸೆಸ್ಸೆಲ್ಸಿ

2018ರ ಆಗಸ್ಟಿನ ಚಳಿಯಲ್ಲಿ, ನ್ಯೂಜಿಲೆಂಡಿನ ಪೊರಿರುವಾದ ಕ್ಲಿನಿಕ್ಕೊಂದರಲ್ಲಿ, ಎಪ್ಪತ್ತೆರಡರ ಪದ್ಮಾವತಮ್ಮನ ಕೈಗೆ ಪೆನ್ಸಿಲ್ ಕೊಟ್ಟು ಗಡಿಯಾರದ ಚಿತ್ರ ಬರೆಯಿರಿ ಎಂದಾಗಲೇ ಅವರ ಪಿತ್ತ ನೆತ್ತಿಗೇರಿತ್ತು. ಏನು, ಆಟವೇ?

ಹೋದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಮರೆತದ್ದು ನಿಜ. ಹೊಗೆಗೆ ಅಲಾರಾಂ ಕೂಗಿ, ಪಕ್ಕದವರು ಫೈರ್ ಇಂಜಿನ್ ಕರೆಸಿ, ಮೂಲೆಯ ಚಿಲ್ಲರೆ ಅಂಗಡಿಯವರೆಗೂ ಸುದ್ದಿ ಮುಟ್ಟಿತ್ತು. ಅಂದಿನಿಂದ ಮಗಳು ವೇದಾ ಆಫೀಸಿಗೆ ಹೊರಡುವ ಮುಂಚೆ ಒಲೆಯ ಮೇನ್ ಸ್ವಿಚ್ ಆರಿಸಿ ಹೋಗುತ್ತಿದ್ದಳು. ಈಗ ಡಾಕ್ಟರು ಮರೆವಿನ ಕಾಯಿಲೆ ಎಂದುಬಿಟ್ಟರೆ ಹಗಲು ಒಬ್ಬರೇ ಮನೆಯಲ್ಲಿರುವುದೂ ಬಂದ್. ಮುದುಕರ ಡೇ ಸೆಂಟರಿಗೆ ಬಿಡುವ ಮಾತು ಆಗಲೇ ನಡೆದಿತ್ತು. ಐವತ್ತು ವರ್ಷ ಊರಿಗೆಲ್ಲ ಬೇಯಿಸಿ ಹಾಕಿದ ಹೆಂಗಸು ಒಂದು ಲೋಟ ಕಾಫಿಗೆ ಮಗಳ ಅಪ್ಪಣೆ ಕೇಳಬೇಕು. ಮೈ ಉರಿಯದೆ ಇನ್ನೇನಾಗುತ್ತದೆ?

ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ತೊಂಬತ್ತಮೂರಕ್ಕೇ ನಿಂತುಹೋಯಿತು. ಇದು ಯಾವ ವರ್ಷ ಎಂದಾಗ ಮಾತ್ರ ತಡವರಿಸದೆ "ವಿಳಂಬಿ" ಎಂದರು. ಯುಗಾದಿಯ ಪಂಚಾಂಗ ಕೇಳಿದವರಿಗೆ ಅದೇ ಸರಿಯುತ್ತರ. ವೇದಾಗೆ ಅದು ಸಂವತ್ಸರದ ಹೆಸರೆಂದೇ ಹೊಳೆಯಲಿಲ್ಲ. ಗೊತ್ತಿಲ್ಲವಂತೆ ಎಂದು ಡಾಕ್ಟರಿಗೆ ಹೇಳಿಬಿಟ್ಟಳು. ಫೋನಿನಲ್ಲಿ ಕನ್ನಡದ ದುಭಾಷಿ ಸಿಗುತ್ತಾರೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನೇ ಹೇಳ್ತೀನಿ, ಬೇಡ ಎಂದಿದ್ದಳು ಮಹಾತಾಯಿ ಮಗಳು.

ಮಾರ್ಕ್ಸು ಕೂಡಿಸಿ ಡಾಕ್ಟರು ಮುಖ ಗಂಭೀರ ಮಾಡಿಕೊಂಡು ವೇದಾಳೊಡನೆ ಮಾತಿಗಿಳಿದರು. ಅಷ್ಟೂ ಇಂಗ್ಲಿಷಿನಲ್ಲಿ ಪದ್ಮಾವತಮ್ಮನ ಕಿವಿಗೆ ಸಿಕ್ಕಿದ್ದು ಒಂದೇ ಮಾತು, ಎಸ್ಸೆಸ್ಸೆಲ್ಸಿ.

"ಯಾರೇ ಎಸ್ಸೆಸ್ಸೆಲ್ಸಿ?"

"ನೀನೇ ಕಣಮ್ಮ. ಫಾರ್ಮ್‌ನಲ್ಲಿ ಹಂಗೇ ಬರೆದಿದೀನಿ. ಎಲ್ಲಾರ್ಗೂ ಹಂಗೇ ತಾನೆ ಹೇಳೋದು."

ಹೌದು, ಎಲ್ಲರಿಗೂ ಹಾಗೇ. ಕನ್ನಡ ಕೂಟದಲ್ಲಿ ಉಳಿದವರು ತಮ್ಮ ಅಮ್ಮಂದಿರ ಬಿ.ಎ., ಬಿ.ಎಸ್ಸಿ. ಕೊಚ್ಚಿಕೊಳ್ಳುವಾಗ ಇವಳು ನಾಚಿಕೆಗೆ ತಾಯಿಯ ತಲೆಗೊಂದು ಎಸ್ಸೆಸ್ಸೆಲ್ಸಿ ಕಟ್ಟಿದ್ದಳು. ಪದ್ಮಾವತಮ್ಮ ಇಷ್ಟು ವರ್ಷ ಹಲ್ಲು ಕಚ್ಚಿ ಸುಮ್ಮನಿದ್ದರು.

"ಮೂರನೇ ಕ್ಲಾಸು ಅಂತ ಹೇಳು. ಅದೂ ಪೂರ್ತಿ ಆಗ್ಲಿಲ್ಲ. ನಿನ್ನ ಮಾವ ಶ್ರೀರಂಗ ಹುಟ್ಟಿದ, ಕೂಸು ಎತ್ಕೊಳ್ಳೋರಿಲ್ಲ ಅಂತ ನಮ್ಮಪ್ಪ ಸ್ಕೂಲ್ ಬಿಡ್ಸಿದ್ರು. ಆ ಕೂಸು ಮೈಸೂರಲ್ಲಿ ಪ್ರೊಫೆಸರ್ ಆಯ್ತು. ಅದನ್ನೂ ಹೇಳು."

ವೇದಾ ತಲೆ ತಗ್ಗಿಸಿ ಹೇಳಿದಳು. ಡಾಕ್ಟರು ಕಾಗದವನ್ನು ಪಕ್ಕಕ್ಕಿಟ್ಟರು. ಹತ್ತು ವರ್ಷ ಓದಿದವರಿಗೆ ಈ ಮಾರ್ಕ್ಸು ದೊಡ್ಡ ಕುಸಿತ, ಮೂರನೇ ಕ್ಲಾಸಿನವರಿಗೆ ಈ ಪರೀಕ್ಷೆ ಕೊಟ್ಟದ್ದೇ ತಪ್ಪು ಎಂದರು. ಓದುಬರಹ ಬೇಡದ ಬೇರೆ ಪರೀಕ್ಷೆ ಇದೆ, ಮುಂದಿನ ವಾರ ದುಭಾಷಿಯನ್ನಿಟ್ಟುಕೊಂಡು ಮಾಡೋಣ. ಅಲ್ಲಿಯವರೆಗೆ ಕಾಯಿಲೆ ಎಂದು ಬರೆಯುವುದಿಲ್ಲ. ಇಷ್ಟನ್ನು ವೇದಾ ಕನ್ನಡದಲ್ಲಿ ತಿಳಿಸಿದಳು. ಆಮೇಲೆ ಡಾಕ್ಟರು ದನಿ ತಗ್ಗಿಸಿ ಇನ್ನೇನೋ ಸೇರಿಸಿದರು. ಅದನ್ನು ಕನ್ನಡಕ್ಕೆ ತಿರುಗಿಸದೆ ವೇದಾ ಬ್ಯಾಗು ಎತ್ತಿಕೊಂಡಳು.

"ಏನಂದ್ರು?"

"ಏನಿಲ್ಲಮ್ಮ. ಆರೋಗ್ಯ ನೋಡ್ಕೋಬೇಕಂತೆ."

"ಇದ್ದಿದ್ದು ಇದ್ದಂಗೆ ಹೇಳು."

"ಕಮ್ಮಿ ಓದಿದೋರಿಗೆ ವಯಸ್ಸಾದ್ಮೇಲೆ ಈ ಮರೆವಿನ ಕಾಯಿಲೆ ಬರೋದು ಜಾಸ್ತಿಯಂತೆ."

ಪದ್ಮಾವತಮ್ಮ ಡಾಕ್ಟರ ಮುಖವನ್ನೇ ನೋಡಿದರು.

"ಓದು ಬಿಡ್ಸಿದೋರಿಗೆ ಏನು ಬರತ್ತಂತೆ? ಕೇಳು."

ವೇದಾ ಬ್ಯಾಗಿನ ಜಿಪ್ ಎಳೆಯತೊಡಗಿದಳು. ಡಾಕ್ಟರು ಕಾಯುತ್ತಿದ್ದರು.

"ಕೇಳೇ," ಎಂದರು ಪದ್ಮಾವತಮ್ಮ.