ಹದಿನೇಳನೆಯ ತಿರುವಿನಲ್ಲಿ ಏನೇನಿತ್ತು

ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ನಾನು ಕಲ್ಹಟ್ಟಿ ಘಾಟಿಯಲ್ಲಿ ನಿಂತಿದ್ದೆ. ಊಟಿಯ ಕಡೆಯಿಂದ ಇಳಿಯುತ್ತ ಎಣಿಸಿದರೆ ಹದಿನೇಳನೆಯ ತಿರುವು ಕಳೆದು ಸುಮಾರು ನಲವತ್ತು ಹೆಜ್ಜೆ ಕೆಳಗೆ, ರಸ್ತೆಯ ಎಡಬದಿಯಲ್ಲಿ, ಗುಡ್ಡದ ಚರಂಡಿಯ ಅಂಚಿನಲ್ಲಿ. ಎಣಿಕೆ ನನ್ನದು, ರಸ್ತೆಯ ಬೋರ್ಡುಗಳ ಲೆಕ್ಕ ಬೇರೆ ಇರಬಹುದು. ನನ್ನ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎದುರಿಗೆ ಒಂದು ಪಿಕಪ್ ಗಾಡಿ, ಎರಡು ಚಕ್ರ ಚರಂಡಿಯೊಳಗೆ ಇಳಿಸಿ, ಗುಡ್ಡಕ್ಕೆ ಮೈ ಒರಗಿಸಿ ನಿಂತಿತ್ತು. ಅದರ ತುಂಬ ಕ್ಯಾರೆಟ್ ಮೂಟೆ.

ನಾನು ಮೂವತ್ತು ವರ್ಷ ಜಮೀನು ಅಳೆದವನು. ಗುಂಡ್ಲುಪೇಟೆಯಲ್ಲಿ ಸರ್ವೆಯರ್ ಆಗಿ ನಿವೃತ್ತನಾದೆ. ಕಂಡದ್ದನ್ನು ಕಂಡಷ್ಟೇ ಬರೆಯುವುದು ನನಗೆ ಅಭ್ಯಾಸ. ಆದರೂ ಇದನ್ನು ಬರೆಯಲು ಎರಡು ವರ್ಷ ಬೇಕಾಯಿತು.

ಹೊರಟದ್ದು ಹಿಂದಿನ ದಿನ, ಸೋಮವಾರ. ಗುಂಡ್ಲುಪೇಟೆಯಿಂದ ಊಟಿಗೆ ಬಸ್ಸಿನ ಟಿಕೆಟ್ ನೂರೈವತ್ತು ರೂಪಾಯಿ. ಬಂಡೀಪುರದ ಕಾಡು ದಾಟಿ, ತೆಪ್ಪಕಾಡು, ಗೂಡಲೂರು, ನಡುವಟ್ಟಂ ಮೇಲೆ ನೂರು ಕಿಲೋಮೀಟರಿನ ಹಾದಿ. ನಾನು ಹಿಂದಿನ ಸಾಲಿನಲ್ಲಿ, ಕಿಟಕಿಯಿಂದ ದೂರದ ಸೀಟಿನಲ್ಲಿ ಕುಳಿತೆ. ಅದಕ್ಕೂ ಒಂಬತ್ತು ವರ್ಷದ ಹಿಂದೆ ದಿಂಬಂ ಘಾಟಿಯಲ್ಲಿ ನಾನಿದ್ದ ಬಸ್ಸು ಹಿಮ್ಮುಖವಾಗಿ ಜಾರಿ ತಡೆಗೋಡೆಗೆ ಬಡಿದು ನಿಂತಿತ್ತು. ಯಾರಿಗೂ ಗಾಯವಾಗಲಿಲ್ಲ. ಆಮೇಲೆ ಯಾವ ಘಾಟಿಯಲ್ಲೂ ನಾನು ಮುಂದಿನ ಸೀಟಿನಲ್ಲಿ ಕುಳಿತಿರಲಿಲ್ಲ. ಏರುವುದು ಹೇಗೋ ಆಗುತ್ತಿತ್ತು. ಇಳಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮನೆಯಲ್ಲಿ ಇದನ್ನು ತಲೆಸುತ್ತು ಎಂದು ಹೇಳಿದ್ದೆ.

ಹೋದದ್ದು ಊಟಿಯಾಚೆಯ ತುಮ್ಮನಟ್ಟಿಗೆ, ಬೆಳ್ಳಿ ಎಂಬ ಗೆಳೆಯನ ಮನೆಗೆ. ಬೆಳ್ಳಿ ಬಡಗ ಸಮುದಾಯದ ತರಕಾರಿ ಬೆಳೆಗಾರ. ಗುಂಡ್ಲುಪೇಟೆಯ ಸಂತೆಗೆ ಆಲೂಗೆಡ್ಡೆ ತರುತ್ತಿದ್ದ ಕಾಲದಿಂದ ಪರಿಚಯ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದಾನೆಂದು ನೋಡಲು ಹೋಗಿದ್ದೆ. ಸಂಜೆ ಮಂಜು ಮನೆಯ ಬಾಗಿಲವರೆಗೆ ಬಂದು ನಿಂತಿತ್ತು. ಊಟಕ್ಕೆ ರಾಗಿ ಮುದ್ದೆ, ಅವರೆಕಾಳಿನ ಉದಕ; ಉದಕ ಎಂದರೆ ಅವರ ಸಾರು. ಬಡಿಸಿದವಳು ಅವನ ತಂಗಿ ಮಾದಿ. ನಲವತ್ತನಾಲ್ಕು ವರ್ಷ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇದ್ದಾಳೆ. ಟೀ ಫ್ಯಾಕ್ಟರಿಯಲ್ಲಿ ಎಲೆ ಅರೆಯುವ ಯಂತ್ರಕ್ಕೆ ಸಿಕ್ಕಿ ಎಡಗೈಯ ಮೂರು ಬೆರಳು ಹೋಗಿವೆ. ಹೆಬ್ಬೆರಳು, ತೋರುಬೆರಳು ಉಳಿದಿವೆ.

ಊಟದ ನಡುವೆ ಬೆಳ್ಳಿಗೆ ಫೋನ್ ಬಂತು. ನಡುವಟ್ಟಂ ಬಳಿ ಮಳೆಗೆ ಮರ ಬಿದ್ದು ಗೂಡಲೂರು ರಸ್ತೆ ಬಂದ್, ನಾಳೆ ಮಧ್ಯಾಹ್ನದವರೆಗೂ ತೆರೆಯುವುದಿಲ್ಲ. ಬುಧವಾರ ಬೆಳಗ್ಗೆ ಮೈಸೂರಿನಲ್ಲಿ ನನ್ನ ಹೆಂಡತಿಯ ಕಣ್ಣಿನ ಆಪರೇಷನ್ ಇತ್ತು.

“ಅದಕ್ಕೇನು ಸರ್ವೆಯರ್ ಸಾರ್, ಮಾದಿ ಜೊತೆ ಹೋಗಿ,” ಎಂದ ಬೆಳ್ಳಿ. “ಬೆಳಗ್ಗೆ ಮಸಿನಗುಡಿ ರೆಸಾರ್ಟಿಗೆ ಲೋಡ್ ಹೋಗ್ತದೆ. ಕಲ್ಹಟ್ಟಿ ಮೇಲೆ ಇಳಿದರೆ ಹನ್ನೆರಡಕ್ಕೆ ಮಸಿನಗುಡಿ. ಅಲ್ಲಿಂದ ಜೀಪಲ್ಲಿ ತೆಪ್ಪಕಾಡು.”

“ಯಾರು ಓಡಿಸೋದು?”

“ಇವಳೇ. ನನ್ನ ಕಾಲು ಹೀಗಾದ ಮೇಲೆ ಇವಳೇ. ನಾಳೆಗೆ ಏಳನೇ ಲೋಡ್.” ತಂಗಿಯ ಕಡೆ ತಿರುಗಿ, “ಒಂದು ಗೀರು ಬಿತ್ತು ಅಂದ್ರೆ ಕೀ ವಾಪಸ್, ಗೊತ್ತಲ್ಲ?” ಎಂದ.

“ಗೊತ್ತು. ದಿನಾ ಹೇಳ್ತೀಯಲ್ಲ, ಮರೆಯೋದೆಂಗೆ,” ಎಂದಳು ಮಾದಿ.

ಕಲ್ಹಟ್ಟಿ ಘಾಟಿಯಲ್ಲಿ ಮೂವತ್ತಾರು ಹೇರ್‌ಪಿನ್ ತಿರುವುಗಳಿವೆ. ಇಳಿಜಾರು ಎಷ್ಟು ಕಡಿದೆಂದರೆ ಹೊರಗಿನ ಗಾಡಿಗಳಿಗೆ ಊಟಿಯಿಂದ ಕೆಳಗೆ ಬಿಡುವುದೇ ಇಲ್ಲ, ಸ್ಥಳೀಯ ನಂಬರಿನವಕ್ಕೆ ಮಾತ್ರ ಅನುಮತಿ. ಬೇಡ ಎನ್ನಲು ಬಾಯಿ ತೆರೆದೆ. ಕಾರಣ ಹೇಳಬೇಕಾಗುತ್ತದಲ್ಲ ಎಂದು ಮುಚ್ಚಿದೆ.

ಬೆಳಗ್ಗೆ ಒಂಬತ್ತಕ್ಕೆ ಹೊರಟೆವು. ಮಳೆ ನಿಂತಿತ್ತು, ರಸ್ತೆ ಒದ್ದೆಯಿತ್ತು. ಗಾಡಿ ಶುರು ಮಾಡುವ ಮೊದಲು ಮಾದಿ ಒಂದೊಂದನ್ನೇ ಮುಟ್ಟಿ ಮೆಲ್ಲನೆ ಹೇಳಿದಳು. “ಕ್ಲಚ್ ಅದೆ. ಬ್ರೇಕ್ ಅದೆ. ಹ್ಯಾಂಡ್‌ಬ್ರೇಕ್ ಅದೆ. ಗೇರ್ ಅದೆ. ಹಾರನ್ ಅದೆ. ಕಣ್ಣು ಎರಡು ಅದೆ. ಬೆರಳು ಏಳು ಅದೆ.”

ಅವಳ ಕನ್ನಡ ಮೈಸೂರು ಕಡೆಯ ವ್ಯಾಪಾರಿಗಳಿಂದ ಕಲಿತದ್ದು. ಪೂಜೆಯೇ ಎಂದು ಕೇಳಿದೆ.

“ಪೂಜೆ ಅಲ್ಲಣ್ಣ. ಡ್ರೈವಿಂಗ್ ಕಲಿಯೋವಾಗ ಎಲ್ಲಾರೂ ನನ್ನ ಕೈನೇ ನೋಡೋರು. ನಾನೂ ಅದನ್ನೇ ನೋಡ್ತಿದ್ದೆ, ಗಾಡಿ ಪೊದೆಗೆ ಹೋಗೋದು. ಆಮೇಲೆ ಇದು ಶುರು ಮಾಡಿದೆ. ಇಲ್ಲದ್ದು ಎಣಿಸಕ್ಕೆ ಹಟ್ಟಿ ತುಂಬ ಜನ ಅವ್ರೆ. ಇರೋದು ಎಣಿಸಕ್ಕೆ ನಾನೊಬ್ಬಳಾದ್ರೂ ಬೇಡವಾ?”

ಗೇರಿನ ಗುಂಡಿಗೆ ಹಳೆಯ ಬೆಲ್ಟಿನ ತುಂಡು ಸುತ್ತಿ ಒಂದು ಕುಣಿಕೆ ಮಾಡಿಕೊಂಡಿದ್ದಳು. ಅದರೊಳಗೆ ಎಡಗೈ ತೂರಿಸಿ, ಮಣಿಕಟ್ಟಿನ ಬಲದಿಂದ ಗೇರ್ ಎಳೆಯುತ್ತಿದ್ದಳು. ಊಟಿಯವರೆಗೆ ಒಮ್ಮೆಯೂ ಅದು ತಪ್ಪಲಿಲ್ಲ. ಇದನ್ನು ನಾನು ಗಮನಿಸಿ ನೋಡಿದ್ದೇನೆ. ತಲೈಕುಂದದ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಗಾಡಿಯ ನಂಬರ್ ನೋಡಿ ಕೈಬೀಸಿದ. ಅಲ್ಲಿಂದ ಬಲಕ್ಕೆ ತಿರುಗಿದರೆ ಘಾಟಿ.

ಅಲ್ಲಿನವರು ಆ ಘಾಟಿ ಇಳಿಯುವ ಕ್ರಮ ಒಂದೇ. ಮೊದಲ ತಿರುವಿಗೆ ಮುಂಚೆಯೇ ಎರಡನೇ ಗೇರಿಗೆ ಹಾಕುತ್ತಾರೆ, ಕೆಳಗೆ ಮುಟ್ಟುವವರೆಗೆ ತೆಗೆಯುವುದಿಲ್ಲ. ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ಬ್ರೇಕನ್ನು ತಿರುವಿನಲ್ಲಿ ಮಾತ್ರ ಮುಟ್ಟುತ್ತಾರೆ. ಮಾದಿಯೂ ಹಾಗೆಯೇ ಇಳಿಸತೊಡಗಿದಳು. ನಾನು ಎಡಗಡೆಯ ಸೀಟಿನಲ್ಲಿದ್ದೆ. ಒಂದು ತಿರುವಿನ ನಂತರ ನನ್ನ ಪಕ್ಕಕ್ಕೆ ಗುಡ್ಡ, ಮುಂದಿನದರ ನಂತರ ಕಣಿವೆ. ಕಣಿವೆಯ ತಳದಲ್ಲಿ ಮಸಿನಗುಡಿಯ ಬಯಲು, ಒಣ ಹುಲ್ಲಿನ ಬಣ್ಣ.

ಮೂರನೆಯ ತಿರುವಿನಲ್ಲಿ ನಾನು, “ಸ್ವಲ್ಪ ಬ್ರೇಕ್ ಹಾಕಮ್ಮ,” ಎಂದೆ.

“ಗೇರ್ ಹಿಡಿದದೆ ಅಣ್ಣ. ಅಂಜಬೇಡಿ.”

“ಇರಲಿ, ಸ್ವಲ್ಪ ಹಾಕು.”

ಹಾಕಿದಳು. ನಾನು ಅವಳ ಅಣ್ಣನ ಗೆಳೆಯ, ವಯಸ್ಸಿನಲ್ಲಿ ಹಿರಿಯ, ರಾತ್ರಿ ಅವರ ಮನೆಯಲ್ಲಿ ಉಂಡ ಅತಿಥಿ. ಆ ಮನೆಗಳಲ್ಲಿ ಅತಿಥಿಯ ಮಾತಿಗೆ ಎರಡನೆಯ ಸಲ ಎದುರಾಡುವುದಿಲ್ಲ. ನಾಲ್ಕನೆಯ ತಿರುವಿನಲ್ಲಿ ಮತ್ತೆ ಹೇಳಿದೆ. ಐದರಲ್ಲೂ ಹೇಳಿದೆ. ಆಮೇಲೆ ನೇರ ಇಳಿಜಾರಿನಲ್ಲೂ ಹೇಳತೊಡಗಿದೆ. ಬ್ರೇಕ್, ಬ್ರೇಕ್ ಎಂದು ನನ್ನ ಬಾಯಿ ತಾನೇ ಹೇಳುತ್ತಿತ್ತು. ಹತ್ತನೆಯ ತಿರುವಿನ ನಂತರ ಅವಳ ಕಾಲು ಪೆಡಲಿನ ಮೇಲಿಂದ ಏಳಲೇ ಇಲ್ಲ. “ಬ್ರೇಕ್ ಕಾಯ್ತದೆ ಅಣ್ಣ,” ಎಂದು ಒಮ್ಮೆ ಅಂದಳು. ನಾನು ಕೇಳಿಸಿಕೊಂಡೆ, ಮತ್ತೆ ಬ್ರೇಕ್ ಎಂದೆ.

ಹದಿನೈದನೆಯ ತಿರುವಿನಲ್ಲಿ ರಬ್ಬರ್ ಸುಟ್ಟಂಥ ವಾಸನೆ ಬಂತು. “ಮುಂದೆ ಜಾಗ ನೋಡಿ ನಿಲ್ಲಿಸ್ತೀನಿ,” ಎಂದಳು. ಹದಿನಾರು ದಾಟಿತು. ಕಣಿವೆ ನನ್ನ ಬದಿಗೆ ಬಂತು. ಅಲ್ಲಿ ಪೆಡಲ್ ನೆಲಕ್ಕೆ ಹೋಯಿತು. ಅವಳು ಮೂರು ಸಲ ತುಳಿದಳು. ಒಳಗೇನೂ ಇಲ್ಲದ ಶಬ್ದ. ಹ್ಯಾಂಡ್‌ಬ್ರೇಕ್ ಎಳೆದಳು. ಗಾಡಿ ಒಂದಿಷ್ಟು ತಡವರಿಸಿ ಮತ್ತೆ ಓಡಿತು. ಸ್ಪೀಡಿನ ಮುಳ್ಳು ಇಪ್ಪತ್ತನ್ನು ಬಿಟ್ಟು ಮೂವತ್ತರ ಕಡೆ ಹೊರಟದ್ದನ್ನು ನೋಡಿದೆ. ಮುಂದೆ ಹದಿನೇಳನೆಯ ತಿರುವು, ಎಡಕ್ಕೆ. ಅದರ ಕೆಳಗಿನ ರಸ್ತೆಯಲ್ಲಿ, ಊಟಿಯ ಕಡೆಗೆ ಏರುತ್ತಿದ್ದ ಮಿನಿ ಬಸ್ಸು.

ಮಾದಿ ಹಾರನ್ ಒತ್ತಿ ಹಿಡಿದಳು. ಬೆಳಗ್ಗೆ ಹೇಳಿದ್ದ ಅದೇ ಧ್ವನಿಯಲ್ಲಿ, ಅದಕ್ಕಿಂತ ಜೋರಾಗಿ ಅಲ್ಲ, ಹೇಳಿದಳು:

“ಕ್ಲಚ್ ಅದೆ. ಗೇರ್ ಅದೆ. ಹಾರನ್ ಅದೆ. ತಿರುವಿನ ಆಚೆ ಗುಡ್ಡ ಅದೆ, ಚರಂಡಿ ಅದೆ.” ಒಂದು ಕ್ಷಣ ಬಿಟ್ಟು, “ಅಣ್ಣ, ನಿಮ್ಮ ಕೈ ಅದೆ. ನನ್ನ ಕೈ ಮೇಲಿಡಿ. ಹೇಳಿದಾಗ ಮುಂದಕ್ಕೆ ತಳ್ಳಿ.”

ನನ್ನ ಎರಡೂ ಕೈ ಬಾಗಿಲಿನ ಹಿಡಿಯನ್ನು ಹಿಡಿದಿದ್ದವು. ಅವನ್ನು ಬಿಡಿಸಿದ್ದು ಹೇಗೆಂದು ನನಗೆ ನೆನಪಿಲ್ಲ. ನೆನಪಿರುವುದು ಕುಣಿಕೆಯೊಳಗಿನ ಅವಳ ಕೈ. ಬೆಚ್ಚಗಿತ್ತು. ಅವಳು ಕ್ಲಚ್ ತುಳಿದು ಎಂಜಿನ್ ಒಮ್ಮೆ ಕಿರುಚಿಸಿದಳು. “ತಳ್ಳಿ.” ಇಬ್ಬರೂ ತಳ್ಳಿದೆವು. ಗೇರಿನ ಹಲ್ಲುಗಳು ಕಡಿದಾಡಿದ ಸದ್ದಾಯಿತು, ಗೇರ್ ಬೀಳಲಿಲ್ಲ. ಮತ್ತೆ ತಳ್ಳಿದೆವು, ಬೀಳಲಿಲ್ಲ. ಮೂರನೆಯ ಸಲ ಒಂದನೇ ಗೇರ್ ಬಿತ್ತು. ಎದೆಗೆ ಯಾರೋ ಗುದ್ದಿದಂತೆ ಮುಂದಕ್ಕೆ ಬಾಗಿದೆ. ಮುಳ್ಳು ಇಳಿಯಿತು. “ಬಿಡಬೇಡಿ, ಒತ್ತಿಕೊಂಡಿರಿ,” ಎಂದು ಬಲಗೈ ಒಂದರಲ್ಲೇ ಸ್ಟಿಯರಿಂಗ್ ತಿರುಗಿಸಿದಳು.

ನಾನು ಕಣ್ಣು ಮುಚ್ಚಲಿಲ್ಲ. ಆದ್ದರಿಂದಲೇ ಇದನ್ನು ಬರೆಯಲು ಆಗುತ್ತಿದೆ. ಬಸ್ಸಿನ ಡ್ರೈವರ್ ಹಾರನ್ ಕೇಳಿ ತಿರುವಿನ ಕೆಳಗೆ, ಕಣಿವೆಯ ಅಂಚಿಗೆ ಒತ್ತಿ ನಿಲ್ಲಿಸಿದ್ದ. ಬಸ್ಸಿಗೂ ಗುಡ್ಡಕ್ಕೂ ನಡುವೆ ಒಂದು ಗಾಡಿಯ ಜಾಗವಿತ್ತು. ನಾವು ಅದರಲ್ಲಿ ತೂರಿದೆವು. ಬಸ್ಸು ದಾಟಿದ ಕೂಡಲೇ ಅವಳು ಎಡಗಡೆಯ ಚಕ್ರಗಳನ್ನು ಚರಂಡಿಗೆ ಇಳಿಸಿದಳು. ನನ್ನ ಬಾಗಿಲು ಗುಡ್ಡದ ಮಣ್ಣನ್ನು ಉಜ್ಜುತ್ತ ಹೋಯಿತು. ಗಾಡಿ ನಿಂತಿತು. ಡ್ರೈವರ್ ಬದಿಯ ಬಾಗಿಲಿನಿಂದ ಇಳಿದೆ, ಚಪ್ಪಲಿ ಒಳಗೇ ಉಳಿಯಿತು.

ಬಸ್ಸಿನಿಂದ ಡ್ರೈವರ್ ಸೆಲ್ವಂ ಇಳಿದು ಬಂದ. ಮಾದಿಯನ್ನು ಬಲ್ಲವನು. ಅವನ ಮುಖ ಬಿಳಚಿತ್ತು. “ಏನಕ್ಕಾ, ಗುಡ್ಡದ ಮೇಲೆ ಅಷ್ಟೊಂದು ಪ್ರೀತಿ ಬಂತಾ?” ಎಂದು ತಮಿಳಿನಲ್ಲಿ ಕೇಳಿದ.

“ನಿನ್ನ ಬಸ್ಸಿಗಿಂತ ಅದೇ ಮೆತ್ತಗಿತ್ತು ತಂಬಿ,” ಎಂದಳು. ಹೇಳಿ, ರಸ್ತೆಯ ಮೇಲೆಯೇ ಕುಳಿತುಬಿಟ್ಟಳು.

ಇಬ್ಬರು ಪ್ರಯಾಣಿಕರು ಚಕ್ರಕ್ಕೆ ಕಲ್ಲು ಕೊಟ್ಟರು. ಇನ್ನೊಬ್ಬ ಚಕ್ರದ ಮೇಲೆ ಸುರಿಯಲು ನೀರಿನ ಬಾಟಲಿ ತಂದ. ಕಾದ ಬ್ರೇಕ್ ಡ್ರಮ್ಮಿಗೆ ತಣ್ಣೀರು ಹಾಕಿದರೆ ಸೀಳುತ್ತದೆ ಎಂದು ಮಾದಿ ಕೂತಲ್ಲಿಂದಲೇ ತಡೆದಳು. ಆಗ ಅವನು ಬಾಟಲಿಯ ಮುಚ್ಚಳ ತಿರುಗಿಸುತ್ತ ಅಂದ: “ಬೆರಳಿಲ್ಲದ ಕೈಗೆ ಗಾಡಿ ಕೊಟ್ರೆ ಇನ್ನೇನಾಗ್ತದೆ?”

ನಾನು ಅಲ್ಲೇ ಇದ್ದೆ, ಮೂರು ಹೆಜ್ಜೆ ದೂರದಲ್ಲಿ. ಏನೂ ಹೇಳಲಿಲ್ಲ. ಮಾದಿ ನನ್ನ ಕಡೆ ನೋಡಲೂ ಇಲ್ಲ.

ಅಲ್ಲಿ ಫೋನ್ ಸಿಗುತ್ತಿರಲಿಲ್ಲ. ಇಳಿಯುತ್ತಿದ್ದ ಜೀಪಿನವರ ಕೈಯಲ್ಲಿ ಮಸಿನಗುಡಿಯ ಮೆಕ್ಯಾನಿಕ್ ಬಾಬುವಿಗೆ ಹೇಳಿ ಕಳಿಸಿದೆವು. ಸೆಲ್ವಂ ನನ್ನನ್ನು ಬಸ್ಸಿಗೆ ಕರೆದ. “ಬನ್ನಿ ಸಾರ್, ಮೇಲೆ ಹೋಗೋಣ. ಮಧ್ಯಾಹ್ನ ಗೂಡಲೂರು ರಸ್ತೆ ಬಿಡ್ತಾರೆ.” ನಾನು ಬಸ್ಸಿನ ಮೆಟ್ಟಿಲವರೆಗೆ ಹೋದೆ. ಕಂಬಿ ಹಿಡಿದೆ. ನಾನು ಹೋದರೆ ಅವಳ ಪಕ್ಕದ ಸೀಟು ಖಾಲಿಯಾಗುತ್ತದೆ, ಹೆದರಿ ಓಡಿದ ಎಂದಲ್ಲ, ಅವಳ ಕೈ ನಂಬಲಿಲ್ಲ ಎಂದೇ ಆ ಬಸ್ಸಿನವರೆಲ್ಲ ತಿಳಿಯುತ್ತಾರೆ ಎಂದು ಹೊಳೆಯಿತು. ಕಂಬಿ ಬಿಟ್ಟೆ. ಬಸ್ಸು ಹೋಯಿತು.

ಬಾಬು ಹನ್ನೆರಡೂವರೆಗೆ ಬೈಕಿನಲ್ಲಿ ಬಂದ. ಬ್ರೇಕ್ ಆಯಿಲ್ ಕುದಿದುಹೋಗಿದೆ ಎಂದ. ಹಳೆಯದನ್ನು ತೆಗೆದು, ಹೊಸದು ತುಂಬಿ, ಪೆಡಲನ್ನು ತಾನೇ ತುಳಿದು ಪರೀಕ್ಷೆ ಮಾಡಲು ಎರಡು ಗಂಟೆ ಹಿಡಿಯಿತು. “ಈ ಓಟದಲ್ಲಿ ಫಸ್ಟ್ ಗೇರ್ ಹಾಕೋದು ಐದು ಬೆರಳಿರೋ ನನಗೂ ಆಗ್ತಿರಲಿಲ್ಲ,” ಎಂದ. “ಆದ್ರೆ ಅಕ್ಕಾ, ಆರು ಸಲ ಇಳಿದವಳು ಯಾಕೆ ಇಷ್ಟು ತುಳಿದೆ?”

“ಏನೋ, ಇವತ್ತು ತುಳಿದೆ,” ಎಂದಳು ಮಾದಿ.

ಉಳಿದದ್ದು ಹತ್ತೊಂಬತ್ತು ತಿರುವು. ಮತ್ತೆ ಅದೇ ಸೀಟಿನಲ್ಲಿ ಕುಳಿತೆ. “ಹೇಳದೆ ಇರೋದು ನನ್ನಿಂದ ಆಗಲ್ಲ ಮಾದಮ್ಮ,” ಎಂದೆ.

“ಹೇಳಿ. ಇರೋದನ್ನ ಹೇಳಿ.”

ಹಾಗಾಗಿ ಹೇಳುತ್ತ ಬಂದೆ. ಗೇರ್ ಇದೆ. ಗುಡ್ಡ ಇದೆ. ಮುಂದೆ ಗಾಡಿ ಇಲ್ಲ ಎಂದಾಗ, “ಇಲ್ಲ ಅನ್ನಬೇಡಿ, ರಸ್ತೆ ಅದೆ ಅನ್ನಿ,” ಎಂದು ತಿದ್ದಿದಳು. ಹೆದರಿಕೆ ಹೋಯಿತೆಂದು ನಾನು ಹೇಳುವುದಿಲ್ಲ. ಅಂಗಿ ಬೆನ್ನಿಗೆ ಅಂಟಿತ್ತು. ಆದರೆ ಮೂವತ್ತಾರನೆಯ ತಿರುವಿನವರೆಗೆ ಬ್ರೇಕ್ ಎಂಬ ಶಬ್ದ ನನ್ನ ಬಾಯಿಂದ ಬರಲಿಲ್ಲ. ಅವಳು ಪೆಡಲನ್ನು ತಿರುವಿನಲ್ಲಿ ಮಾತ್ರ ಮುಟ್ಟಿದಳು.

ಮಸಿನಗುಡಿಯಲ್ಲಿ ಮೂಟೆ ಇಳಿಸುವಾಗ ಅವಳಿಗೆ ಬೆಳ್ಳಿಯ ಫೋನ್ ಬಂತು. ಸೆಲ್ವಂನ ಬಸ್ಸಿನವರಿಂದ ಸುದ್ದಿ ತುಮ್ಮನಟ್ಟಿ ಮುಟ್ಟಿತ್ತು. ಅವಳು ಹೂಂ ಹೂಂ ಎಂದಷ್ಟೇ ಕೇಳಿ, ಕೀಯನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಳು. “ಬಾಗಿಲು ಪೂರ್ತಿ ಗೀರಿದೆ. ಅವನು ಹೇಳಿದ್ದು ಸರಿನೇ,” ಎಂದಳು.

ಆ ಫೋನನ್ನು ನಾನು ಇಸಿದುಕೊಂಡೆ. “ಬೆಳ್ಳಿ, ಕೇಳು. ಅವಳ ಕೈ ತಪ್ಪಲಿಲ್ಲ. ಬ್ರೇಕ್ ಸುಟ್ಟದ್ದು ನಾನು. ನನಗೆ ಘಾಟಿ ಅಂದರೆ ಹೆದರಿಕೆ, ಒಂಬತ್ತು ವರ್ಷದಿಂದ. ದಾರಿಯುದ್ದ ಬ್ರೇಕ್ ಹಾಕು ಹಾಕು ಅಂತ ಪ್ರಾಣ ತಿಂದೆ. ನಿಮ್ಮ ಮನೆಯ ಅತಿಥಿ ಅಂತ ಅವಳು ಹಾಕಿದಳು.” ಈ ಮಾತನ್ನು ನಾನು ಅದುವರೆಗೆ ನನ್ನ ಹೆಂಡತಿಗೂ ಹೇಳಿರಲಿಲ್ಲ.

“ಬಾಗಿಲಿಗೆ ಬಣ್ಣ ಹೊಡೆಸಿಕೊಂಡು ಬರಕ್ಕೆ ಹೇಳಿ ಅವಳಿಗೆ,” ಎಂದ ಬೆಳ್ಳಿ.

ತೆಪ್ಪಕಾಡಿನಲ್ಲಿ ಬಸ್ಸು ಹತ್ತಿ ಸಂಜೆ ಗುಂಡ್ಲುಪೇಟೆ ಮುಟ್ಟಿದೆ. ಮುಂದಿನ ಸೀಟು ಖಾಲಿಯಿತ್ತು, ಅಲ್ಲೇ ಕುಳಿತೆ. ಬಂಡೀಪುರದ ರಸ್ತೆ ಬಹುಪಾಲು ಸಮತಟ್ಟು, ಅದೇನು ದೊಡ್ಡದಲ್ಲ.

ಮಾದಿ ಈಗಲೂ ಮಂಗಳವಾರ ಮಂಗಳವಾರ ಕಲ್ಹಟ್ಟಿ ಇಳಿಯುತ್ತಾಳೆ. ಆದರೆ ಹೋದ ತಿಂಗಳು ಗುಂಡ್ಲುಪೇಟೆಯ ಸಂತೆಯಲ್ಲಿ ಊಟಿ ಕಡೆಯ ವ್ಯಾಪಾರಿಯೊಬ್ಬ, ಬೆರಳಿಲ್ಲದ ಹೆಂಗಸೊಬ್ಬಳ ಕೈಯಿಂದ ಗೇರ್ ಜಾರಿ ಗಾಡಿ ಗುಡ್ಡಕ್ಕೆ ಬಡಿದ ಕಥೆಯನ್ನು ನನಗೇ ಹೇಳಿದ. ನಾನು ತಿದ್ದಿದೆ. ಅವನು ನಕ್ಕ, ನಂಬಲಿಲ್ಲ. ಅದಕ್ಕೇ ಬರೆದೆ.

ಅಂದು ನಡೆದದ್ದನ್ನು ಕಣ್ಣಾರೆ ಕಂಡವರಲ್ಲಿ, ಬಸ್ಸಿನ ಮುಂದಿನ ಸೀಟಿನಲ್ಲಿದ್ದ ಮಾವನಹಳ್ಳದ ಕಾಳಿ ಅಜ್ಜಿ, ಹೆಸರು ಆಮೇಲೆ ಸೆಲ್ವಂ ಹೇಳಿದ್ದು, ಹೋದ ಮಳೆಗಾಲದಲ್ಲಿ ತೀರಿಕೊಂಡರು. ಬಾಬು ಆಮೇಲೆ ಬಂದವನು, ಅವನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಪ್ರಯಾಣಿಕರ ಹೆಸರು ನನಗೆ ಗೊತ್ತಿಲ್ಲ. ಡ್ರೈವರ್ ಸೆಲ್ವಂ ಇದ್ದಾನೆ, ಅದೇ ಬಸ್ಸು ಓಡಿಸುತ್ತಾನೆ. ಅಜ್ಜಿಯ ಪಕ್ಕದಲ್ಲಿ ಕುಳಿತಿದ್ದ ಅವರ ಸೊಸೆ ರಂಗಿ ಇದ್ದಾಳೆ. ಮಾದಿ ಇದ್ದಾಳೆ. ನಾನು ಇದ್ದೇನೆ.